ಹೆಸರಿನ ಮೇಲೆ ಬಿದ್ದ ಹೆಬ್ಬೆರಳು

ಕಾಲುವೆಯ ನೀರು ಗೇಟಿನಡಿಯಿಂದ ನುಗ್ಗಿ ಕೆಳಗೆ ಧುಮುಕುವ ಜಾಗದಲ್ಲಿ ಎದುರಿಗೆ ನಿಂತವರ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಅಮಾತೆಪ್ಪ ಗಿಟಾರು ಹಿಡಿದು ಕೂತಿದ್ದು ಅಂಥ ಜಾಗದಲ್ಲಿ. ಗೇಟು ಏರಿಸಿ ಇಳಿಸುವ ದಿನಗೂಲಿ ಕೆಲಸ ಅವನದು. ಚಕ್ರ ತಿರುವುವ ಕಟ್ಟೆಯ ಪಕ್ಕದಲ್ಲೇ ಇಲಾಖೆಯವರ ಒಂದು ಕೋಣೆ, ಕೋಣೆಯ ಮುಂದೆ ಬೇವಿನ ನೆರಳು, ನೆರಳಿನಲ್ಲಿ ಕೂರಲು ಒಂದು ಕಲ್ಲು. ಸುರಪುರದ ರಂಗಂಪೇಟೆಯ ಮನೆಯಲ್ಲಿ ಕಲಿಯುವ ಹಾಗಿರಲಿಲ್ಲ. ಅಲ್ಲಿ ಗೋಡೆಗೆ ಗೋಡೆ ಅಂಟಿದ ನೆರೆಮನೆಗಳು. ಮೊದಲ ದಿನ ತಂತಿಗೆ ಒಂದು ಏಟು ಕೊಟ್ಟಿದ್ದನೋ ಇಲ್ಲವೋ, ಪಕ್ಕದ ಮನೆಯ ಭೀಮವ್ವ ಬಾಗಿಲಿಗೆ ಬಂದು, "ಯಕ್ಕಾ ಲಾಲಮ್ಮ, ನಿಮ್ಮ ಮನ್ಯಾಗ ತಗಡು ಬಿತ್ತೇನ?" ಎಂದು ಅವನ ತಾಯಿಯನ್ನು ಕೇಳಿದ್ದಳು.

ಹೆಬ್ಬೆರಳಿನ ಗೆಣ್ಣಿನ ಮೇಲೆ ಗುಳ್ಳೆ ಎದ್ದು ಒಡೆದು, ಅದರ ಮೇಲೆ ಮತ್ತೊಂದು ಎದ್ದಿತ್ತು. ಅಮಾತೆಪ್ಪ ಅದಕ್ಕೆ ಬಟ್ಟೆಯ ಚೂರು ಸುತ್ತಿ ಮತ್ತೆ ಬಡಿದ. ನಾಲ್ಕು ದಪ್ಪ ತಂತಿಗಳ ಬೇಸ್ ಗಿಟಾರು ಅದು. ಮಿಡಿಯುವುದು ಅವನಿಗೆ ಬರುತ್ತಿತ್ತು; ಹಾಡಿನ ಕೆಳಗೆ ಮೆತ್ತಗೆ ನಡೆಯುತ್ತ ಹೋಗುವಷ್ಟು ಕೈ ಪಳಗಿತ್ತು. ಈಗ ಬೇಕಾಗಿದ್ದು ಬೇರೆಯದೇ. ಹೆಬ್ಬೆರಳ ಗೆಣ್ಣಿನಿಂದ ದಪ್ಪ ತಂತಿಯನ್ನು ಬಡಿಯಬೇಕು. ಬಡಿದದ್ದೇ ತಡ, ಬೆರಳು ಅಲ್ಲಿ ನಿಲ್ಲದೆ ಹಿಂದಕ್ಕೆ ಸಿಡಿಯಬೇಕು. ಸಿಡಿಯುವಾಗಲೇ ತೋರುಬೆರಳು ಸಣ್ಣ ತಂತಿಯ ಅಡಿಗೆ ಕೊಕ್ಕೆ ಹಾಕಿ ಎತ್ತಿ ಬಿಡಬೇಕು. ಒಂದು ಢಂ, ಒಂದು ಟಕ್. ಅದಕ್ಕೆ ಸ್ಲ್ಯಾಪ್ ಎಂದು ಹೆಸರು. ತಂಡದವರ ಬಾಯಲ್ಲಿ ಅದು ಬರೀ 'ಢಂಟಕ್' ಆಗಿತ್ತು.

ತಂಡ ಚಾಂದಪಾಶಾನದು. ಗೋಗಿಯವನು, ಶಹಾಪುರದಲ್ಲಿ ಮೈಕು, ಸೌಂಡ್ ಬಾಕ್ಸು ಬಾಡಿಗೆಗೆ ಕೊಡುವ ಅಂಗಡಿ. ಕೀಬೋರ್ಡು ನುಡಿಸುತ್ತಿದ್ದ, ಹಾಡು ಕಟ್ಟುತ್ತಿದ್ದ, ಜಯಂತಿಗಳಿಗೂ ಮದುವೆಗಳಿಗೂ ತಂಡ ಕರೆದೊಯ್ಯುತ್ತಿದ್ದ. ಬೇಸ್ ಗಿಟಾರು ಅವನ ಚಿಕ್ಕಪ್ಪನ ಮಗ ಖಾಜಾಮಿಯಾನದು. ಆ ಸೀಮೆಯಲ್ಲಿ ಮತ್ಯಾವ ತಂಡದಲ್ಲೂ ಬೇಸ್ ನುಡಿಸುವವನಿರಲಿಲ್ಲ. ಎಲ್ಲರೂ ಕೀಬೋರ್ಡಿನ ಎಡಗೈಯಲ್ಲೇ ಆ ಕೆಲಸ ಮುಗಿಸುತ್ತಿದ್ದರು. ಖಾಜಾಮಿಯಾ ಢಂಟಕ್ ಶುರು ಮಾಡಿದರೆ ಜನ ಸೀಟಿ ಹೊಡೆಯುತ್ತಿದ್ದರು. ಅವನಿಗೆ ಹೈದರಾಬಾದಿನಲ್ಲಿ ಲಿಫ್ಟು ರಿಪೇರಿಯ ಕೆಲಸ ಸಿಕ್ಕಿತು. ಹೋಗುವ ಮುಂಚೆ, ಇಷ್ಟು ದಿನ ಬಾಕ್ಸು ಹೊರಲು ಬಂದು ತನ್ನ ಬೆನ್ನ ಹಿಂದೆ ನಿಂತು ಕಲಿಯುತ್ತಿದ್ದ ಅಮಾತೆಪ್ಪನ ಕೈಗೆ ಗಿಟಾರು ಕೊಟ್ಟು ಹೇಳಿದ:

"ಕಾದ ಹಂಚು ಮುಟ್ಟೀದಿ ಅಂತ ತಿಳ್ಕೊ. ಬೆರಳು ಅಲ್ಲೇ ಇಡ್ತೀಯೇನು? ಹಂಗ ಓಡಿ ಬರಬೇಕದು. ಮುಂಗೈ ಝಾಡಿಸು, ತೋಳು ಅಲ್ಲ. ಕೈಯಾಗಿನ ನೀರು ಝಾಡಿಸ್ತೀಯಲ್ಲ, ಹಂಗ."

ಚಾಂದಪಾಶಾ ಮಾತ್ರ ಹಲ್ಲು ಕಚ್ಚಿಕೊಂಡೇ ಒಪ್ಪಿದ್ದ. "ನೋಡು ಅಮಾತೆಪ್ಪ, ಶಹಾಪುರದಾಗ ಬಾಬಾಸಾಹೇಬರ ಜಯಂತಿಗಿ ಹೊಸಾ ಹಾಡು ಕಟ್ಟೀನಿ. ಅದರ ನಡಾ ಅಂದ್ರ ಈ ಢಂಟಕ್ಕೇ. ನಿನ್ನ ಕೈಲಿ ಬಂತು, ನೀ ಸ್ಟೇಜ್ ಮ್ಯಾಲೆ ನಿಂದ್ರು. ಬರಲಿಲ್ಲ, ನಾ ಮಷಿನ್ನಾಗ ಹಾಕ್ತೀನಿ, ಗುಂಡಿ ಒತ್ತಿದ್ರ ಅದೇ ಬಾರಿಸ್ತದ. ಆಮ್ಯಾಲ ಗಿಟಾರು ಯಾಕಪಾ ಬೇಕು? ಯಾರಿಗರೆ ಮಾರ್ತೀವಿ. ನೀ ಮತ್ತ ಬಾಕ್ಸ್ ಹೊರೂದು."

ಬಾಕ್ಸು ಹೊರುವುದಕ್ಕೆ ಅಮಾತೆಪ್ಪ ಬೇಸರಪಟ್ಟವನಲ್ಲ. ಆದರೆ ಅವನಿಗೆ ಹಾಡಿನೊಳಗೆ ಸಿಕ್ಕ ಜಾಗ ಇದೊಂದೇ. ತಾಯಿ ಲಾಲಮ್ಮ ಅಮಾವಾಸ್ಯೆ ಅಮಾವಾಸ್ಯೆಗೆ ಹೆಂಗಸರ ಭಜನೆ ನಡೆಸುವವಳು. ತತ್ವಪದಗಳು ಅವಳಿಗೆ ಉಸಿರಾಟದಷ್ಟು ಸಲೀಸು. ತೀರಿಕೊಂಡ ತಂದೆಯೂ ಕೊಡೇಕಲ್ಲಿನ ಜಾತ್ರೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ವಚನ ಹೇಳಿಕೊಂಡೇ ಹೋಗುತ್ತಿದ್ದ. ಅಂಥ ಮನೆಯಲ್ಲಿ ಹುಟ್ಟಿದ ಅಮಾತೆಪ್ಪನಿಗೆ ಚಿಕ್ಕಂದಿನಲ್ಲಿ ಬಂದ ವಿಷಮಜ್ವರ ಗಂಟಲನ್ನು ಕೆಡಿಸಿ ಹೋಯಿತು. ಮಾತು ಗೊರಗೊರ, ಹಾಡಲು ಬಾಯಿ ತೆರೆದರೆ ಗಾಳಿ. ಹಾಗಾಗಿ ಅವನು ಕೇಳುವವನಾಗಿ ಬೆಳೆದ. ಎಲ್ಲರೂ ಹಾಡುವಾಗ ಅವನ ಕೈಗೆ ದಮ್ಮಡಿ ಕೊಡುತ್ತಿದ್ದರು. ಚರ್ಮ ಬಿಗಿದ ಆ ಸಣ್ಣ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಮೆತ್ತಗೆ ತಟ್ಟುತ್ತ ಕೂರುತ್ತಿದ್ದ. ಬೇಸ್ ಗಿಟಾರು ಮೊದಲ ಬಾರಿ ಬಾಕ್ಸಿನಿಂದ ಹೊಮ್ಮಿ ಅವನ ಎದೆಗೂಡನ್ನು ನಡುಗಿಸಿದ ದಿನ, ಗಂಟಲಿಲ್ಲದೆಯೂ ಹಾಡಿನ ಒಳಗೆ ಇರಬಹುದು ಎಂದು ಅವನಿಗೆ ಗೊತ್ತಾಗಿತ್ತು. ಈಗ ಆ ಜಾಗ ಒಂದು ಹೆಬ್ಬೆರಳಿನ ಮೇಲೆ ನಿಂತಿತ್ತು.

ಬಡಿದ. ನೀರಿನ ಅಬ್ಬರದಲ್ಲಿ ತನ್ನದೇ ಢಂ ತನಗೆ ಕೇಳಲಿಲ್ಲ. ಇನ್ನೂ ಜೋರಾಗಿ ಬಡಿದ. ಕೇಳಿತು. ಹಾಗೇ ಕಲಿತ.

ತಾಲೀಮಿಗೆ ಶಹಾಪುರದ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಸೇರಿದರು. ಡ್ರಮ್ ಪ್ಯಾಡಿನ ಮುಂದೆ ಅಂಬ್ರಪ್ಪ, ಬಾಯಿ ಸುಮ್ಮನಿರದ ಆಸಾಮಿ. ಮೈಕಿನ ಮುಂದೆ ಸುಂದ್ರಮ್ಮ, ಅಂಗನವಾಡಿಯ ಟೀಚರು, ತಂಡದ ಗಾಯಕಿ. ಅಮಾತೆಪ್ಪ ವೈರು ಚುಚ್ಚಿ, ಕಣ್ಣು ಮುಚ್ಚಿ, ಕಾಲುವೆಯ ಬಳಿ ಬಡಿಯುತ್ತಿದ್ದ ಹಾಗೆಯೇ ಬಡಿದ.

ಗೋದಾಮಿನ ತಗಡಿನ ಚಾವಣಿ ಅದುರಿತು. ಸುಂದ್ರಮ್ಮ ಎರಡೂ ಕಿವಿ ಮುಚ್ಚಿಕೊಂಡಳು. ಹೊರಗೆ ಯಾರದೋ ಕೋಳಿಗಳು ಕೂಗಿಕೊಂಡು ಓಡಿದವು.

"ಲೇ ಲೇ ಲೇ!" ಎಂದು ಅಂಬ್ರಪ್ಪ ಎದ್ದು ನಿಂತ. "ಹಾಡು ಬಾರ್ಸು ಅಂದ್ರ ಬಾವಿ ತೋಡಾಕ ಸುರಂಗ ಇಡಾಕತ್ತೀಯಲ್ಲೋ!"

ಚಾಂದಪಾಶಾ ನಗಲಿಲ್ಲ. ಬಾಕ್ಸಿನ ಗುಂಡಿ ತಿರುಗಿಸಿ ಸದ್ದು ಇಳಿಸಿದ. "ಮತ್ತೊಮ್ಮೆ."

ಇಳಿಸಿದರೂ ಅದೇ. ತಂತಿ ಹಲಗೆಗೆ ಬಡಿದು ತಟತಟ ಅನ್ನುತ್ತಿತ್ತೇ ಹೊರತು ನಾದ ಬರಲಿಲ್ಲ.

"ಎಲ್ಲಿ ಕೂತು ಕಲ್ತೀದಿ ಇದನ್ನ?" ಎಂದು ಚಾಂದಪಾಶಾ ಕೇಳಿದ.

"ಗೇಟಿನ ಬಾಜೂಕ, ಪಾಶಾಭಾಯ್."

"ನೀರು ಬಿಟ್ಟಾರಲ್ಲ?"

"ಬಿಟ್ಟಾರ್ರಿ. ಜೋರದ ನೀರು."

ಚಾಂದಪಾಶಾ ತಲೆಗೆ ಕೈ ಹೊತ್ತ. "ನೀರಿನ ಜೋಡಿ ಜಗಳಕ್ಕ ನಿಂತೀದಿ ನೀನು. ನೀರು ಒದರ್ತದ, ನೀನೂ ಒದರ್ತಿ. ಇದು ಒದರೂ ಸಾಮಾನಲ್ಲಪಾ. ಮೆಲ್ಲಕ ಬಡಿ, ಬಾಕ್ಸ್ ಒದರ್ತದ."

ಜಯಂತಿ ಹತ್ತಿರ ಬಂದಿತ್ತು. ಅಮಾತೆಪ್ಪ ಸುರಪುರದ ಬಸ್ಸಿನಲ್ಲಿ ಗಿಟಾರನ್ನು ಎರಡು ಮೊಣಕಾಲಿನ ನಡುವೆ ಇಟ್ಟುಕೊಂಡು ಕೂತು ಬಂದ. ಇಷ್ಟು ದಿನ ಕಲಿತದ್ದೆಲ್ಲ ಒಂದು ತಪ್ಪನ್ನೇ ಗಟ್ಟಿ ಮಾಡಿಕೊಂಡಂತಾಯಿತಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದ. ಮನೆಗೆ ಬಂದಾಗ ಲಾಲಮ್ಮ ಮಗನ ಬೆರಳು ನೋಡಿ, "ಗೇಟಿನ ಚಕ್ರ ಬಡೀತೇನಪ್ಪಾ?" ಎಂದು ಅರಿಷಿಣ ಕಲಸಿ ಹಚ್ಚಿದಳು.

ಆ ವರ್ಷ ಯುಗಾದಿ ಮುಗಿಯುತ್ತಿದ್ದಂತೆ ಕಾಲುವೆಗೆ ನೀರು ನಿಲ್ಲಿಸಿದರು. ಅಮಾತೆಪ್ಪನೇ ಚಕ್ರ ತಿರುವಿ ಗೇಟು ಇಳಿಸಿದ. ಕಾಲುವೆಯ ತಳದಲ್ಲಿ ಅಲ್ಲಲ್ಲಿ ನಿಂತ ನೀರು, ಅದರಲ್ಲಿ ಒದ್ದಾಡುವ ಸಣ್ಣ ಮೀನು, ಮೀನಿಗೆ ಬಂದ ಬೆಳ್ಳಕ್ಕಿಗಳು. ಅಷ್ಟು ದಿನ ಕಿವಿ ತುಂಬಿದ್ದ ಸದ್ದು ಹೋಗಿ, ಗದ್ದೆಯ ಆ ಕಡೆಯ ದಾರಿಯಲ್ಲಿ ಹೋಗುವವರ ಕೆಮ್ಮು ಕೂಡ ಕೇಳತೊಡಗಿತು. ಅವನು ಕಲ್ಲಿನ ಮೇಲೆ ಕೂತು ಗಿಟಾರಿನ ತುದಿಗೆ ಕಿವಿ ಆನಿಸಿ, ಹೆಬ್ಬೆರಳನ್ನು ಅದರ ಭಾರಕ್ಕೇ ಬೀಳಬಿಟ್ಟ. ಬಿದ್ದು ಎದ್ದಿತು. ಮರದೊಳಗಿಂದ ದುಂಡಗಿನ ಒಂದು ನಾದ ಹೊರಟು ಅವನ ದವಡೆಗೆ ತಾಗಿತು. ಮತ್ತೆ ಬಿಟ್ಟ. ಮತ್ತೆ ಅದೇ ನಾದ.

ಬಟ್ಟೆಯ ಚೂರು ಬಿಚ್ಚಿ ಎಸೆದ. ಬೆರಳು ಇನ್ನು ನೋಯಲಿಲ್ಲ. ಎಡಗೈ ತಂತಿಯನ್ನು ಮುಟ್ಟಿಯೂ ಒತ್ತದೆ ಇದ್ದರೆ ಢಂ ಬಾಯಿ ಮುಚ್ಚಿಕೊಂಡು ಬರೀ 'ಟುಪ್' ಅನ್ನುತ್ತದೆ ಎಂಬುದೂ, ಎರಡು ಢಂಗಳ ನಡುವೆ ಆ ಟುಪ್ಪನ್ನು ಸೇರಿಸಿದರೆ ಹಾಡು ಕುಂಟುವುದನ್ನು ಬಿಟ್ಟು ಕುಣಿಯುತ್ತದೆ ಎಂಬುದೂ ಒಂದೊಂದಾಗಿ ಕೈಗೆ ಬಂದವು. ಖಾಜಾಮಿಯಾ ಫೋನಿನಲ್ಲಿ ಕೇಳಿ, "ಅರೇ ವಾಹ್, ಇಂವ ನನ್ನ ಅನ್ನಕ್ಕ ಕಲ್ಲ ಹಾಕ್ತಾನ" ಎಂದು ನಕ್ಕ. ಹಿಂದಿನಿಂದ ಲಿಫ್ಟಿನ ಬಾಗಿಲು ತೆರೆದು ಮುಚ್ಚುವ ಸದ್ದು ಬರುತ್ತಿತ್ತು.

ಆದರೂ ಗೋದಾಮಿನಲ್ಲಿ ಎರಡನೇ ಸಲ ಸೇರಿದಾಗ ಹಾಡು ನಿಂತಿತು. ಈ ಸಲ ನಿಂತದ್ದು ಒಂದೇ ಒಂದು ಕಡೆ. ಹಾಡಿನ ಪಲ್ಲವಿ ಹೀಗಿತ್ತು: 'ಕೆರೆಯ ನೀರ ಮುಟ್ಟಿದ ಕೈ, ಭೀಮ ಕೊಟ್ಟ ಕೈ.' ಹೆಬ್ಬೆರಳು ಬೀಳಬೇಕಾದದ್ದು ಸರಿಯಾಗಿ 'ಭೀಮ' ಎನ್ನುವಲ್ಲಿ. ಅದೇ ಹಾಡಿನ ಅತಿ ದೊಡ್ಡ ಪೆಟ್ಟು. ಸುಂದ್ರಮ್ಮ ಭೀಮ ಅಂದಳು, ಗಿಟಾರು ಸುಮ್ಮನಿತ್ತು. ಮತ್ತೆ ಅಂದಳು, ಮತ್ತೆ ಸುಮ್ಮನೆ.

"ಅದೇ ಜಾಗದಾಗ ಯಾಕ ಸಾಯ್ತದ ನಿಂದು?" ಎಂದು ಚಾಂದಪಾಶಾ ಕೀಬೋರ್ಡಿನಿಂದ ಕೈ ತೆಗೆದ.

"ವೈರು ಸಡ್ಲ ಆಗ್ಯಾದೇನೋ," ಎಂದ ಅಮಾತೆಪ್ಪ. ಅವನಿಗೂ ಹಾಗೇ ಅನಿಸಿತ್ತು.

ವೈರು ಬದಲಿಸಿದರು. ಮತ್ತೆ ಹಾಡಿದರು. ಸುಂದ್ರಮ್ಮ ಈ ಸಲ ಹಾಡುತ್ತಲೇ ಅವನ ಕಡೆ ತಿರುಗಿ ನಿಂತಿದ್ದಳು.

"ಪಾಶಾಭಾಯ್, ವೈರಲ್ರಿ ಅದು," ಎಂದಳು. "ಇವನ ಕೈ ನೋಡ್ರಿ. ಎದಿಗೆ ಹೋಗ್ತದ."

ಎಲ್ಲರೂ ನೋಡಿದರು. ಅಮಾತೆಪ್ಪನ ಬಲಗೈ ಇನ್ನೂ ಎದೆಯ ಮೇಲೇ ಇತ್ತು.

"ಏನಪಾ, ಈ ವಯಸ್ಸಿಗೇ ಹಾರ್ಟಿಂದು ಬಂತೇನು?" ಎಂದು ಅಂಬ್ರಪ್ಪ ನಕ್ಕ. ಯಾರೂ ಜೊತೆ ನಗದಿದ್ದುದನ್ನು ಕಂಡು ಪ್ಯಾಡಿನ ಮೇಲೆ ಸುಮ್ಮನೆ ಕೋಲು ಉರುಳಿಸಿದ.

ಅಮಾತೆಪ್ಪನಿಗೆ ಆಗ ತಿಳಿಯಿತು. ಲಾಲಮ್ಮನ ಭಜನೆಯಲ್ಲಿ ಒಂದು ಪದ್ಧತಿಯಿತ್ತು. ಪದದ ಕೊನೆಯಲ್ಲಿ ಗುರುವಿನ ಹೆಸರು ಬಂದ ಕೂಡಲೇ ತಾಳ, ದಮ್ಮಡಿ ಎಲ್ಲವೂ ನಿಲ್ಲಬೇಕು. ಕೈ ಎದೆಗೆ ಹೋಗಬೇಕು. ಹೆಸರು ಒಂಟಿಯಾಗಿ, ಯಾವ ಪೆಟ್ಟೂ ತಾಗದೆ ದಾಟಿ ಹೋದ ಮೇಲೇ ಮತ್ತೆ ಬಾರಿಸಬೇಕು. ಅವನು ಚಿಕ್ಕವನಿದ್ದಾಗ ಒಮ್ಮೆ ಉಮೇದಿನಲ್ಲಿ ಹೆಸರು ಬಂದರೂ ತಟ್ಟುತ್ತಲೇ ಇದ್ದ. ತಾಯಿ ಅವನ ಮುಂಗೈ ಹಿಡಿದು ಎಲ್ಲರೆದುರು ಕೇಳಿದ್ದಳು: "ಹೆಸರಿನ ಮ್ಯಾಲೆ ಬಡೀತಿಯೇನೋ?" ಅಂದಿನಿಂದ ಅವನ ಕೈ ಎಂದೂ ತಪ್ಪಿರಲಿಲ್ಲ. ಅವನಿಗೆ ಗೊತ್ತಿಲ್ಲದೆಯೇ ಏಳುತ್ತಿತ್ತು, ಕಣ್ಣಿನ ರೆಪ್ಪೆಯ ಹಾಗೆ. ಅವರ ಮನೆಯ ಗೋಡೆಯ ಮೇಲೆ ಗುರುವಿನ ಪಟದ ಪಕ್ಕದಲ್ಲೇ ಬಾಬಾಸಾಹೇಬರ ಪಟವಿತ್ತು. ಕೈ ಆ ಹೆಸರಿಗೂ ಏಳುತ್ತಿದ್ದದ್ದರಲ್ಲಿ ವಿಶೇಷವೇನಿರಲಿಲ್ಲ.

ಗೊರಗೊರ ದನಿಯಲ್ಲಿ ಅಷ್ಟನ್ನೂ ಹೇಳಿದ.

"ನಮ್ಮಾಗೂ ಅದ," ಎಂದ ಚಾಂದಪಾಶಾ. "ಬಾಂಗಿನಾಗ ಪೈಗಂಬರರ ಹೆಸರು ಬಂತಂದ್ರ ಹೆಬ್ಬೆರಳಿಗಿ ಮುತ್ತಿಟ್ಟು ಕಣ್ಣಿಗಿ ಒತ್ಕೋತೀವಿ. ನಮ್ಮ ಅಜ್ಜ ರೊಟ್ಟಿ ತಿನ್ನೂದನ್ನೂ ಬಿಟ್ಟು ಒತ್ಕೋತಿದ್ದ. ನಿನಗ ತಪ್ಪು ಅನ್ನಂಗಿಲ್ಲ ನಾನು." ಆಮೇಲೆ ಕೀಬೋರ್ಡಿನ ಅಂಚು ಒರೆಸುತ್ತ ಹೇಳಿದ: "ಆದ್ರ ಪ್ರೋಗ್ರಾಂ ಅಂದ್ರ ಪ್ರೋಗ್ರಾಂ. ಜನ ಕುಣಿಯೂದೇ ಆ ಹೆಸರಿನ ಮ್ಯಾಲೆ. ಅಲ್ಲಿ ತೂತು ಬಿದ್ರ ಹಾಡೇ ಬಿತ್ತು. ಮಷಿನ್ನಿಗಿ ಎದಿ ಇಲ್ಲ ನೋಡು, ಅದು ಬಡೀತದ. ನೀ ಬಡೀತೀಯೋ ಇಲ್ಲೋ, ಜಯಂತಿ ದಿನಾ ಮುಂಜಾನಿ ಬಂದು ಹೇಳು."

"ಹೆಸರು ಬಿಟ್ಟು ಆ ಕಡೆ ಈ ಕಡೆ ಬಡುದ್ರ, ಭಾಯ್?"

"ಬಾರ್ಸಿ ನೋಡು."

ಬಾರಿಸಿ ನೋಡಿದರು. ಮೆಟ್ಟಿಲು ಇದೆ ಎಂದು ಕಾಲಿಟ್ಟು ಜೋಲಿ ಹೊಡೆದಂತಾಯಿತು. ಅಮಾತೆಪ್ಪನೇ ತಲೆ ಅಲ್ಲಾಡಿಸಿದ.

ಬತ್ತಿದ ಕಾಲುವೆಯ ದಂಡೆಯ ಮೇಲೆ ಮತ್ತೆ ಕೂತ. ಕೈಗೆ ಬುದ್ಧಿ ಹೇಳಿದ, ಬೈದ. ಮಣಿಕಟ್ಟಿಗೆ ದಾರ ಕಟ್ಟಿ ಗಿಟಾರಿನ ಬೆಲ್ಟಿಗೆ ಬಿಗಿದು ನೋಡಿದ. ಹೆಸರು ಬಂದಾಗ ದಾರ ಜಗ್ಗಿ ಚರ್ಮ ಕೆಂಪಾಯಿತು, ಹೆಬ್ಬೆರಳು ಮಾತ್ರ ತಂತಿಗೆ ಬೀಳಲಿಲ್ಲ. ಹಾಡನ್ನು ಕೇಳುತ್ತಿರುವವರೆಗೂ ಕೈ ಏಳುತ್ತಲೇ ಇರುತ್ತದೆ ಎಂದು ಅವನಿಗೆ ನಿಧಾನವಾಗಿ ಗೊತ್ತಾಯಿತು. ಹಾಗಾದರೆ ಕೇಳಬಾರದು. ಸುಂದ್ರಮ್ಮನ ಹಾಡನ್ನು ಫೋನಿನಲ್ಲಿ ಹಾಕಿಕೊಂಡು, ಅವಳು ಅನ್ನುವ ಒಂದೊಂದು ಮಾತಿನ ಜಾಗದಲ್ಲೂ ಮನಸ್ಸಿನೊಳಗೆ ತನ್ನ ಪೆಟ್ಟಿನ ಬೋಲನ್ನೇ ಹೇಳಿಕೊಳ್ಳತೊಡಗಿದ. ಢಂ ಟುಪ್ ಟಕ್, ಢಂ ಟುಪ್ ಟಕ್. ಕೆರೆ ಹೋಯಿತು. ನೀರು ಹೋಯಿತು. ಒಂದು ಮಧ್ಯಾಹ್ನ ಹಾಡು ಮುಗಿದ ಮೇಲೆ, ತಾನು ಒಂದು ಸಲವೂ ತಡೆಯದೆ ಬಾರಿಸಿದೆನೆಂದು ತಿಳಿದು ಬೆಚ್ಚಿದ. ಹೆಸರು ಯಾವಾಗ ಬಂದು ಹೋಯಿತೋ ಅವನಿಗೆ ಗೊತ್ತೇ ಆಗಿರಲಿಲ್ಲ.

ಖುಷಿಯಾಗಬೇಕಿತ್ತು. ಗಿಟಾರನ್ನು ಕಲ್ಲಿಗೆ ಒರಗಿಸಿ, ಎದ್ದು ನಿಂತು, ಬೇಕೆಂದೇ ದನಿ ತೆಗೆದು ಆ ಹೆಸರು ಹೇಳಿದ. ಕೈ ಎದ್ದಿತೋ, ತಾನೇ ಎತ್ತಿದೆನೋ? ತಿಳಿಯಲಿಲ್ಲ. ಮತ್ತೊಮ್ಮೆ ಹೇಳಿ ನೋಡಲು ಧೈರ್ಯ ಬರಲಿಲ್ಲ. ಇಲ್ಲಿ ಬಡಿಯುವುದನ್ನು ಕಲಿತ ಕೈ ಮನೆಯಲ್ಲಿ ಏಳುವುದನ್ನು ಮರೆತರೆ? ಆ ಭಯ ಅಂದು ಹೊಕ್ಕದ್ದು, ಅನ್ನ ಉಣ್ಣುವಾಗಲೂ ಬಿಡಲಿಲ್ಲ. ಲಾಲಮ್ಮ ಜೋಳ ಹಸನು ಮಾಡುತ್ತ ಪದ ಗುನುಗಿದರೆ ಅವನು ಹೆಸರು ಬರುವ ಮುಂಚೆಯೇ ಎದ್ದು ಅಂಗಳಕ್ಕೆ ಹೋಗುತ್ತಿದ್ದ.

"ಯಾಕಪ್ಪಾ, ನನ್ನ ದನಿ ಕೇಳಿದ್ರ ಓಡಿ ಹೋಗಾಕತ್ತೀಯಲ್ಲ?" ಎಂದು ಅವಳು ಒಮ್ಮೆ ಕೇಳಿದಳು.

"ಸೆಕಿ ಆಗ್ಯಾದ ಯವ್ವಾ," ಎಂದ.

ಜಯಂತಿಯ ದಿನ ಮುಂಜಾನೆ ಅಂಗಡಿಗೆ ಹೋಗಿ, "ಬಡೀತೀನಿ" ಎಂದಷ್ಟೇ ಹೇಳಿದ. ಚಾಂದಪಾಶಾ ಅವನ ಮುಖ ನೋಡಿ, ಮಷಿನ್ನಿನ ವೈರು ಕಿತ್ತು ಚೀಲಕ್ಕೆ ಹಾಕಿದ.

ಸಂಜೆ ಶಹಾಪುರದಲ್ಲಿ ನೀಲಿ ಬಾವುಟಗಳ ಕೆಳಗೆ ಜನವೋ ಜನ. ಭಾಷಣಗಳು ಮುಗಿದು ತಂಡ ವೇದಿಕೆಗೆ ಬಂದಾಗ ಅಮಾತೆಪ್ಪನ ಅಂಗೈ ಬೆವೆತು ಜಾರುತ್ತಿತ್ತು; ಪ್ಯಾಂಟಿಗೆ ಒರೆಸಿದ, ಮತ್ತೆ ಬೆವೆತಿತು. ಅಂಬ್ರಪ್ಪ ಹಿಂದಿನಿಂದ ಪಿಸುಗುಟ್ಟಿದ: "ಹೆದರಬ್ಯಾಡಲೇ, ನೀ ತಪ್ಪಿದ್ರ ನಾ ಜೋರ್ ಬಡೀತೀನಿ. ನಾ ತಪ್ಪಿದ್ರ ನೀ ಬಡಿ. ಇಬ್ಬರೂ ತಪ್ಪಿದ್ರ ಜಯಘೋಷ ಹಾಕಿ ಇಳಿಯೂನು."

ಹಾಡು ಶುರುವಾಯಿತು. ಅವನು ಸುಂದ್ರಮ್ಮನ ಕಡೆ ನೋಡಲಿಲ್ಲ. ಜನರ ಕಡೆಯೂ ನೋಡಲಿಲ್ಲ. ತನ್ನ ಹೆಬ್ಬೆರಳನ್ನಷ್ಟೇ ನೋಡುತ್ತ ಒಳಗೆ ಬೋಲು ಹೇಳಿಕೊಂಡ. ಢಂ ಟುಪ್ ಟಕ್. ಒಂದು ಗಳಿಗೆ ಮುಂಗೈ ಗಡುಸಾಯಿತು. ಎಲ್ಲೋ ದೂರದಲ್ಲಿ ಯಾರೋ ಕರೆದಂತೆ ತೋಳು ಎಳೆಯಿತು. ಅವನು ಬೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಹೆಬ್ಬೆರಳು ಬಿತ್ತು. ಬಾಕ್ಸುಗಳಿಂದ ಹೊರಟ ಪೆಟ್ಟಿಗೆ ಮುಂದಿನ ಸಾಲಿನ ಹುಡುಗರು ಒಮ್ಮೆಗೇ ನೆಲ ಬಿಟ್ಟು ಎದ್ದರು. ಮತ್ತೆ ಬಿತ್ತು, ಮತ್ತೆ ಎದ್ದರು. ಹಾಡು ಮುಗಿದಾಗ ಜನ ಇನ್ನೊಮ್ಮೆ ಇನ್ನೊಮ್ಮೆ ಎಂದು ಕೂಗಿದರು, ತಂಡ ಇನ್ನೊಮ್ಮೆ ಬಾರಿಸಿತು. ಇಳಿಯುವಾಗ ಚಾಂದಪಾಶಾ ಅವನ ಹೆಗಲಿಗೆ ಗುದ್ದಿದ.

"ಗಿಟಾರು ನಿನ್ನ ಮನ್ಯಾಗೇ ಇರ್ಲಿ. ಅಮಾಸಿ ಮರುದಿನ ಸುರಪುರದಾಗ ಪ್ರೋಗ್ರಾಂ ಅದ. ಬಾಕ್ಸ್ ಹೊರಾಕ ಬ್ಯಾರೆಯವರನ್ನ ನೋಡ್ತೀನಿ."

ಅಮಾತೆಪ್ಪ ನಕ್ಕ. ಬಂದದ್ದು ನಿಜವಾದ ನಗು. ಆದರೆ ಗಾಡಿ ಹತ್ತುವಾಗ ಅಂಬ್ರಪ್ಪ, "ಜನ ಹೆಂಗ ಒದರಿದ್ರು ನೋಡಿದ್ಯೇನು, ಭೀಮ ಅಂದಾಗ!" ಎಂದ. ಅಮಾತೆಪ್ಪ ಆ ಕೂಗನ್ನು ಕೇಳಿರಲೇ ಇಲ್ಲ.

ಅಮಾವಾಸ್ಯೆ ಬಂತು. ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಅಂಗಳದಲ್ಲಿ ಚಾಪೆ ಹಾಸಿದರು. ಅಮಾತೆಪ್ಪ ಗೇಟಿನ ಕಡೆ ಕೆಲಸವಿದೆ ಎಂದು ಹೇಳಿ ನೋಡಿದ. "ನೀರೇ ಇಲ್ಲ, ಗೇಟಿಗೆ ಏನ್ ಜೋಗುಳ ಹಾಡ್ತಿ?" ಎಂದು ಭೀಮವ್ವ ದಮ್ಮಡಿಯನ್ನು ಅವನ ತೊಡೆಯ ಮೇಲಿಟ್ಟಳು. ತಾಳ ಅವಳ ಕೈಯಲ್ಲಿತ್ತು.

ಲಾಲಮ್ಮ ಪದ ಎತ್ತಿಕೊಂಡಳು. ಅಮಾತೆಪ್ಪ ಮೊದಲು ಬೆರಳ ತುದಿಯಲ್ಲಿ ತಟ್ಟಿದ. ಆಮೇಲೆ ಕೈ ತನ್ನ ದಾರಿ ಹಿಡಿಯಿತು. ಲಯ ಸೊಗಸಾಗಿ ಕೂತಿತು, ಎಂದಿಗಿಂತ ಸೊಗಸಾಗಿ. ಹೆಂಗಸರು ತಲೆದೂಗಿದರು. ಕೊನೆಯ ಸಾಲು ಬಂತು: 'ತುಂಬಿದ ಕೊಡದೊಳು ತುಳುಕದೆ ಕುಳಿತ ಗುರು ಶಾಂತಯ್ಯ.' ತಾಳ ನಿಂತಿತು. ಹೆಂಗಸರ ಕೈಗಳೆಲ್ಲ ಎದೆಗೆ ಹೋದವು. ಆ ನಿಶ್ಶಬ್ದದ ನಡುವೆ, 'ಶಾಂತಯ್ಯ' ಎಂಬುದರ ನೆತ್ತಿಯ ಮೇಲೆ, ದಮ್ಮಡಿ ಢಂ ಎಂದಿತು. ಅದರ ಹಿಂದೆಯೇ ಟಕ್ ಎಂದಿತು.

ಅಮಾತೆಪ್ಪ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ.

"ಯವ್ವ ಯವ್ವ, ಏನಿದು!" ಎಂದಳು ಭೀಮವ್ವ. "ಗುರುವಿನ ಹೆಸರಿನ ಮ್ಯಾಲೆ! ಈ ಗಿಟಾರು ಹಿಡಿದಾಗಿಂದ ಹಿಂಗ ಆಗ್ಯಾನ ನೋಡು ಯಕ್ಕಾ. ನಾ ಆವಾಗೇ ಹೇಳ್ಲಿಲ್ಲೇನು?"

ಅವನು ದಮ್ಮಡಿ ಕೆಳಗಿಟ್ಟು ಏಳಹೋದ.

"ಏಳಬ್ಯಾಡ. ಕೂಡು," ಎಂದಳು ಲಾಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಏನಿತ್ತೆಂದು ಅವನಿಗೆ ತಿಳಿಯಲಿಲ್ಲ. "ಅಲ್ಲಿ ಹೆಸರಿನ ಮ್ಯಾಲೆ ಬಡೀತೀಯೇನು?"

"ಹೌದು ಯವ್ವಾ."

"ಯಾರ ಹೆಸರು?"

"ಬಾಬಾಸಾಹೇಬರದು."

ಅವಳು ತೆರೆದ ಬಾಗಿಲಿನಿಂದ ಒಳಗಿನ ಗೋಡೆಯ ಪಟದ ಕಡೆ ಒಮ್ಮೆ ನೋಡಿದಳು. "ಜನ ಏನ್ ಮಾಡ್ತಾರ, ಬಡುದ್ರ?"

"ಕುಣೀತಾರ. ಹೆಸರು ಒದರ್ತಾರಂತ."

"ಅಂತ ಅಂದ್ರ? ನೀ ಕೇಳಿಲ್ಲೇನು?"

ಅವನು ತಲೆ ತಗ್ಗಿಸಿದ. ಲಾಲಮ್ಮನ ಮುಖ ಆಗ ಮುದುಡಿತು. ದಮ್ಮಡಿ ಬಡಿದಾಗ ಮುದುಡದ ಮುಖ ಈಗ ಮುದುಡಿತು.

"ನಿನಗ ದೇವರು ಗಂಟಲ ಕೊಡಲಿಲ್ಲ, ಕಿವಿ ಕೊಟ್ಟಿದ್ದ," ಎಂದಳು. "ಅದನ್ನೂ ಮುಚ್ಚಿಕೊಂಡು ಬಂದೀಯಲ್ಲೋ."

"ಕೇಳಿದ್ರ ಕೈ ಏಳ್ತದ ಯವ್ವಾ. ಎದ್ರ ನನ್ನ ಬಿಡಸ್ತಾರ. ನಾಳಿ ಸುರಪುರದಾಗ ಮತ್ತ ಬಡೀಬೇಕು."

"ಬಡಿ. ಯಾರ್ ಬ್ಯಾಡ ಅಂದ್ರು? ಕುಣಿಯೂ ಮಂದಿಗಿ ಬಡೀಲೇಬೇಕು. ಕೇಳಿ ಬಡಿ. ಇಲ್ಲಿ ಕೇಳಿ ಎತ್ತು. ಒಂದು ಬಿಟ್ಟು ಒಂದು ಕಲಿಯೂದಾದ್ರ ಏನ್ ಕಲ್ತಂಗಾತು?" ದಮ್ಮಡಿಯನ್ನು ಎತ್ತಿ ತಾನೇ ಅವನ ತೊಡೆಯ ಮೇಲಿಟ್ಟಳು. "ಹಿಡಿ."

ಕೊನೆಯ ಸಾಲನ್ನು ಮತ್ತೆ ಎತ್ತಿಕೊಂಡಳು. ಅವನು ಬಾರಿಸಿದ. ಹೆಸರು ಬಂತು, ಕೈ ಬಡಿಯಿತು. ಅವಳು ಕಣ್ಣು ಮುಚ್ಚಿ ಮತ್ತೆ ಅದೇ ಸಾಲು ಹಾಡಿದಳು. ಮತ್ತೆ ಬಡಿಯಿತು. ಅವನ ಹಣೆಯ ಬೆವರು ದಮ್ಮಡಿಯ ಚರ್ಮದ ಮೇಲೆ ಹನಿಯಿತು.

"ಎಷ್ಟ್ ಸಲ ಹಾಡ್ತಿ ಯಕ್ಕಾ? ಮಂಗಳಾರತಿ ಎತ್ತೂದು ಅದ," ಎಂದು ಭೀಮವ್ವ ಗೊಣಗಿದಳು.

"ಎತ್ತೂನಂತ. ಅವಸರ ಏನದ ನಿನಗ, ಗಂಡ ಹೂವಿನ ಸರ ಹಿಡ್ಕೊಂಡು ಕಾಯಾಕತ್ತಾನೇನು?"

ಹೆಂಗಸರು ಕಿಸಕ್ಕನೆ ನಕ್ಕರು. ಭೀಮವ್ವ ತಾಳವನ್ನು ಒಮ್ಮೆ ಜೋರಾಗಿ ಕುಟ್ಟಿ ಸುಮ್ಮನಾದಳು.

ಈ ಸಲ ಅಮಾತೆಪ್ಪ ಲಯವನ್ನು ಬಿಟ್ಟುಕೊಟ್ಟ. ಬೋಲು ಒಳಗೆ ತಾನಾಗಿ ಬಡಿದುಕೊಳ್ಳುತ್ತಲೇ ಇತ್ತು. ಅದರ ಸಂದಿನಲ್ಲಿ ತಾಯಿಯ ದನಿಗಾಗಿ ತಡಕಾಡಿದ. ತುಂಬಿದ ಕೊಡ ಎಂದದ್ದು ಕೇಳಿತು. ತುಳುಕದೆ ಎಂದದ್ದು ಪೂರ್ತಿ ಕೇಳಲಿಲ್ಲ. ಹೆಸರು ಹತ್ತಿರ ಬಂತು. ಕೈ ಇಳಿಯಿತು, ಚರ್ಮಕ್ಕೆ ಒಂದು ಬೆರಳಿನಷ್ಟು ದೂರದಲ್ಲಿ ಗಾಳಿಯಲ್ಲೇ ನಿಂತಿತು. ಎದೆಗೆ ಹೋಗಲಿಲ್ಲ, ಬಡಿಯಲೂ ಇಲ್ಲ. ಹೆಸರು ದಾಟಿ ಹೋಯಿತು.

ಲಾಲಮ್ಮ ಕಣ್ಣು ತೆರೆದು ಆ ಕೈಯನ್ನು ನೋಡಿದಳು. ಮುಂದಿನ ಪದ ಎತ್ತಿಕೊಂಡಳು. ಉದ್ದನೆಯ ಪದ ಅದು, ಅದರ ಕೊನೆಗೂ ಹೆಸರಿತ್ತು. ಅಮಾತೆಪ್ಪ ಮೊದಲ ಮಾತಿನಿಂದಲೇ ಕಿವಿ ಕೊಟ್ಟು ಅದಕ್ಕಾಗಿ ಕಾಯತೊಡಗಿದ.